ಸೇಂಟ್ ಮೇರೀಸ್ ದ್ವೀಪಗಳು

ಸೇಂಟ್ ಮೇರೀಸ್ ದ್ವೀಪಗಳು ಕರ್ನಾಟಕದ ಉಡುಪಿ ಜಿಲ್ಲೆಯ ಮಲ್ಪೆಗೆ ಎದುರಾಗಿ ಅರಬ್ಬೀ ಸಮುದ್ರದಲ್ಲಿರುವ ನಾಲ್ಕು ಚಿಕ್ಕ ದ್ವೀಪಗಳ ಸಮೂಹ. ತೋನ್ಸೆಪಾರ್ ಎಂಬುದು ಇವುಗಳ ಸ್ಥಳೀಯ ಹೆಸರು. ಪ್ರಾಚೀನ ಜ್ವಾಲಾಮುಖಿ ಚಟುವಟಿಕೆಯಿಂದ ಹೊರಬಂದ ಶಿಲಾರಸವು ತಣಿದು, ಬಿರಿದು, ಬಹುಭುಜಾಕೃತಿಯ ಕಂಬಗಳಾಗಿ ನಿಂತಿರುವುದು ಈ ದ್ವೀಪಗಳ ವೈಶಿಷ್ಟ್ಯ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಭಾರತ ಮತ್ತು ಮಡಗಾಸ್ಕರ್ ಭೂಭಾಗಗಳು ಒಂದರಿಂದೊಂದು ಬೇರ್ಪಟ್ಟ ಕಾಲದ ಸಾಕ್ಷ್ಯವನ್ನು ಈ ಶಿಲೆಗಳು ಒದಗಿಸುತ್ತವೆ. ಮಳೆಗಾಲವನ್ನು ಹೊರತುಪಡಿಸಿ ಉಳಿದ ತಿಂಗಳುಗಳಲ್ಲಿ ಮಲ್ಪೆಯಿಂದ ದೋಣಿಯ ಮೂಲಕ ಇಲ್ಲಿಗೆ ಪ್ರವಾಸಿಗರು ಹೋಗಿಬರುತ್ತಾರೆ.

ಹೆಸರು

ಕರಾವಳಿಯಲ್ಲಿ ದ್ವೀಪಗಳಿಗೆ ಎದುರಾಗಿರುವ ತೋನ್ಸೆ ಪ್ರದೇಶದಿಂದ ತೋನ್ಸೆಪಾರ್ ಎಂಬ ಹೆಸರು ಬಂದಿದೆ. ಪಡುತೋನ್ಸೆ, ಮೂಡುತೋನ್ಸೆ ಎಂಬ ಗ್ರಾಮಗಳು ಇಂದಿಗೂ ಉಡುಪಿಯ ಉತ್ತರಕ್ಕಿವೆ. ದ್ವೀಪಗಳಲ್ಲಿ ಒಂದರ ಮೇಲೆ ತೆಂಗಿನ ಮರಗಳು ಒತ್ತಾಗಿ ಬೆಳೆದಿರುವುದರಿಂದ ಅದಕ್ಕೆ ಕೋಕೋನಟ್ ಐಲ್ಯಾಂಡ್, ಅಂದರೆ ತೆಂಗಿನ ದ್ವೀಪ ಎಂಬ ಹೆಸರೂ ರೂಢಿಯಲ್ಲಿದೆ. ಸೇಂಟ್ ಮೇರಿ ಎಂಬ ಹೆಸರು ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮನ ಮೊದಲ ಭಾರತ ಯಾನದೊಂದಿಗೆ ಸಂಬಂಧ ಹೊಂದಿದೆ. ಅದರ ವಿವರವನ್ನು ಇತಿಹಾಸ ವಿಭಾಗದಲ್ಲಿ ಕೊಡಲಾಗಿದೆ.

ಭೌಗೋಳಿಕ ಸ್ಥಾನ

ದ್ವೀಪಗಳು ಸುಮಾರು 13.4 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 74.7 ಡಿಗ್ರಿ ಪೂರ್ವ ರೇಖಾಂಶದಲ್ಲಿವೆ. ಇವು ಕರಾವಳಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಉತ್ತರ ದಕ್ಷಿಣವಾಗಿ ಸಾಲುಗಟ್ಟಿವೆ. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹಾದ್ದೂರ್‌ಗಡ ದ್ವೀಪ ಮತ್ತು ದಕ್ಷಿಣ ದ್ವೀಪ ಎಂಬ ನಾಲ್ಕು ಮುಖ್ಯ ದ್ವೀಪಗಳಲ್ಲದೆ, ನೀರಿನಿಂದ ಅಲ್ಲಲ್ಲಿ ತಲೆಯೆತ್ತಿದ ಬಂಡೆಗಳೂ ಈ ಸಾಲಿನಲ್ಲಿವೆ. ಪ್ರವಾಸಿಗರು ಸಾಮಾನ್ಯವಾಗಿ ಭೇಟಿ ಕೊಡುವುದು ತೆಂಗಿನ ದ್ವೀಪಕ್ಕೆ. ಅದರ ಉದ್ದ ಸುಮಾರು 500 ಮೀಟರ್, ಅಗಲ ಸುಮಾರು 100 ಮೀಟರ್. ದೊಡ್ಡ ದ್ವೀಪಗಳ ಗರಿಷ್ಠ ಎತ್ತರ ಸಮುದ್ರಮಟ್ಟದಿಂದ ಸುಮಾರು 10 ಮೀಟರ್ ಮಾತ್ರ. ದ್ವೀಪಗಳಲ್ಲಿ ಜನವಸತಿಯಿಲ್ಲ.

ಭೂವೈಜ್ಞಾನಿಕ ಹಿನ್ನೆಲೆ

ಶಿಲೆಯ ಸ್ವರೂಪ

ಪ್ರವಾಸಿ ಕೈಪಿಡಿಗಳಲ್ಲಿ ಈ ಕಂಬಗಳನ್ನು ಅನೇಕ ವೇಳೆ ಬಸಾಲ್ಟ್ ಶಿಲೆಗಳೆಂದು ಕರೆಯಲಾಗುತ್ತದೆ. ಶಿಲಾಶಾಸ್ತ್ರದ ದೃಷ್ಟಿಯಿಂದ ಇದು ಸರಿಯಲ್ಲ. ಇಲ್ಲಿರುವುದು ರಯೋಲೈಟ್ ಮತ್ತು ಡೇಸೈಟ್ ಎಂಬ ಆಮ್ಲೀಯ ಅಗ್ನಿಶಿಲೆಗಳು. ಈ ಎರಡರ ನಡುವಣ ಸಂಯೋಜನೆಯ ಶಿಲೆಗೆ ರಯೋಡೇಸೈಟ್ ಎನ್ನುತ್ತಾರೆ. ಅಗ್ನಿಶಿಲೆಗಳನ್ನು ಅವುಗಳಲ್ಲಿರುವ ಸಿಲಿಕಾ ಪ್ರಮಾಣಕ್ಕೆ ಅನುಸಾರವಾಗಿ ವಿಂಗಡಿಸುವುದು ವಾಡಿಕೆ. ಬಸಾಲ್ಟಿನಲ್ಲಿ ಸಿಲಿಕಾ ಶೇಕಡ 45ರಿಂದ 52ರಷ್ಟು ಇದ್ದರೆ, ಡೇಸೈಟಿನಲ್ಲಿ ಶೇಕಡ 63ಕ್ಕಿಂತಲೂ ರಯೋಲೈಟಿನಲ್ಲಿ ಶೇಕಡ 69ಕ್ಕಿಂತಲೂ ಹೆಚ್ಚಿರುತ್ತದೆ. ಸಿಲಿಕಾ ಹೆಚ್ಚಿದಂತೆ ಶಿಲಾರಸ ಮಂದವಾಗುತ್ತದೆ. ಆದ್ದರಿಂದ ಬಸಾಲ್ಟ್ ರಸ ತೆಳುವಾಗಿ ಬಹುದೂರ ಹರಿಯಬಲ್ಲದು; ರಯೋಲೈಟ್ ರಸ ಗಟ್ಟಿಯಾಗಿದ್ದು ನಿಧಾನವಾಗಿ ಚಲಿಸುತ್ತದೆ. ಕಂಬಾಕೃತಿಯ ರಚನೆ ಬಸಾಲ್ಟಿನಲ್ಲಿ ಜಗತ್ತಿನ ಅನೇಕ ಕಡೆ ಕಂಡುಬರುತ್ತದೆ. ಆಮ್ಲೀಯ ಶಿಲೆಯಲ್ಲಿ ಇಷ್ಟು ಸ್ಫುಟವಾದ ಕಂಬಗಳು ಕಾಣುವುದು ಈ ದ್ವೀಪಗಳ ಮಹತ್ವವನ್ನು ಹೆಚ್ಚಿಸಿದೆ.

ಕಂಬಗಳು ರೂಪುಗೊಂಡ ಬಗೆ

ಭೂಮಿಯ ಮೇಲ್ಮೈಗೆ ಅಥವಾ ಅದಕ್ಕೆ ಸಮೀಪದ ಮಟ್ಟಕ್ಕೆ ಬಂದ ಶಿಲಾರಸ ಮೊದಲು ಹೊರಮೈಯಿಂದ ತಣಿಯತೊಡಗುತ್ತದೆ. ತಣಿದ ಶಿಲೆ ಕುಗ್ಗುತ್ತದೆ. ಅಕ್ಕಪಕ್ಕದ ಭಾಗಗಳೂ ಏಕಕಾಲಕ್ಕೆ ಕುಗ್ಗುವುದರಿಂದ ಮೈಯಲ್ಲಿ ಎಳೆತ ಉಂಟಾಗಿ ಬಿರುಕುಗಳು ಮೂಡುತ್ತವೆ. ಒಂದು ಸಮತಟ್ಟಾದ ಮೈಯಲ್ಲಿ ಎಳೆತವು ಎಲ್ಲ ದಿಕ್ಕಿಗೂ ಸಮನಾಗಿದ್ದಾಗ, ಮೂರು ಬಿರುಕುಗಳು ಸುಮಾರು 120 ಡಿಗ್ರಿ ಕೋನದಲ್ಲಿ ಕೂಡುವುದು ಅತ್ಯಂತ ಅನುಕೂಲಕರ. ಇಂತಹ ಕೂಡುಗಳು ಒಂದಕ್ಕೊಂದು ಸೇರಿದಾಗ ಜೇನುಗೂಡಿನಂತಹ ಷಟ್ಕೋನಗಳ ಜಾಲ ಏರ್ಪಡುತ್ತದೆ. ತಣಿಯುವಿಕೆ ಒಳಕ್ಕೆ ಸಾಗಿದಂತೆ ಬಿರುಕುಗಳೂ ಅದೇ ದಿಕ್ಕಿನಲ್ಲಿ ಇಳಿಯುತ್ತಾ ಹೋಗಿ, ಶಿಲಾರಾಶಿ ಉದ್ದುದ್ದನೆಯ ಕಂಬಗಳಾಗಿ ಸೀಳುತ್ತದೆ. ಕಂಬಗಳು ಯಾವಾಗಲೂ ತಣಿಯುವ ಮೈಗೆ ಲಂಬವಾಗಿ ಬೆಳೆಯುತ್ತವೆ. ತಣಿದ ಮೈ ಓರೆಯಾಗಿದ್ದ ಕಡೆ ಕಂಬಗಳೂ ಓರೆಯಾಗಿರುತ್ತವೆ.

ಉತ್ತರ ಕರ್ನಾಟಕದ ಎರೆ ಹೊಲಗಳಲ್ಲಿ ಬೇಸಿಗೆಯ ಹೊತ್ತಿಗೆ ಮೂಡುವ ಬಿರುಕುಗಳು ಇದಕ್ಕೆ ಸುಲಭವಾಗಿ ಸಿಗುವ ಹೋಲಿಕೆ. ಅಲ್ಲಿ ತೇವ ಆರಿ ಮಣ್ಣು ಕುಗ್ಗುತ್ತದೆ, ಇಲ್ಲಿ ಶಾಖ ಕಳೆದು ಶಿಲೆ ಕುಗ್ಗಿದೆ. ಕಾರಣ ಬೇರೆಯಾದರೂ ಬಿರಿಯುವ ತತ್ತ್ವ ಒಂದೇ. ಎರೆ ಹೊಲದ ಬಿರುಕು ಮಳೆ ಬಿದ್ದೊಡನೆ ಮುಚ್ಚಿಕೊಳ್ಳುತ್ತದೆ. ಶಿಲೆಯ ಬಿರುಕು ಹಾಗೆಯೇ ಉಳಿಯುತ್ತದೆ. ಪ್ರಕೃತಿಯಲ್ಲಿ ಎಳೆತ ಎಲ್ಲೆಡೆ ಸಮನಾಗಿರುವುದಿಲ್ಲವಾದ್ದರಿಂದ ಎಲ್ಲ ಕಂಬಗಳೂ ಷಟ್ಕೋನಾಕೃತಿಯವಲ್ಲ. ಐದು, ಆರು ಮತ್ತು ಏಳು ಮುಖಗಳ ಕಂಬಗಳು ಈ ದ್ವೀಪದಲ್ಲಿ ಪಕ್ಕಪಕ್ಕದಲ್ಲೇ ಕಾಣಸಿಗುತ್ತವೆ. ಕಂಬಗಳ ಗರಿಷ್ಠ ಎತ್ತರ ಸುಮಾರು 6 ಮೀಟರ್.

ವಯಸ್ಸು ಮತ್ತು ಮಡಗಾಸ್ಕರ್ ಸಂಬಂಧ

ವಿಕಿರಣಶೀಲ ಧಾತುಗಳ ಕ್ಷಯವನ್ನು ಆಧರಿಸಿದ ಬೇರೆಬೇರೆ ವಿಧಾನಗಳಿಂದ ಈ ಶಿಲೆಗಳ ವಯಸ್ಸನ್ನು ಹಲವು ಬಾರಿ ಅಳೆಯಲಾಗಿದೆ. ಪೊಟ್ಯಾಸಿಯಂ–ಆರ್ಗಾನ್, ಆರ್ಗಾನ್–ಆರ್ಗಾನ್ ಮತ್ತು ಯುರೇನಿಯಂ–ಸೀಸ ವಿಧಾನಗಳ ಫಲಿತಾಂಶಗಳು ಸ್ಥೂಲವಾಗಿ 8.5 ಕೋಟಿಯಿಂದ 9.3 ಕೋಟಿ ವರ್ಷಗಳ ನಡುವೆ ಬರುತ್ತವೆ. ಇದು ಭೂ ಇತಿಹಾಸದ ಕ್ರಿಟೇಷಿಯಸ್ ಯುಗದ ಉತ್ತರಾರ್ಧ. ಆ ಕಾಲದಲ್ಲಿ ಭಾರತದ ಪಶ್ಚಿಮ ಅಂಚಿಗೆ ಮಡಗಾಸ್ಕರ್ ಅಂಟಿಕೊಂಡಿತ್ತು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಇವೆರಡರ ನಡುವೆ ಭೂಚಿಪ್ಪು ಸೀಳಿ ಸಮುದ್ರ ತೆರೆದುಕೊಂಡಿತು. ಮಡಗಾಸ್ಕರ್ ದ್ವೀಪದಲ್ಲಿಯೂ ಇದೇ ಕಾಲದ ಜ್ವಾಲಾಮುಖಿ ಶಿಲೆಗಳು ವ್ಯಾಪಕವಾಗಿವೆ. ಇಂದು ಸಾವಿರಾರು ಕಿಲೋಮೀಟರ್ ದೂರದಲ್ಲಿರುವ ಎರಡು ಕರಾವಳಿಗಳ ಶಿಲೆಗಳು ವಯಸ್ಸಿನಲ್ಲಿ ಹೊಂದಿಕೆಯಾಗುವುದು, ಅವು ಒಂದು ಕಾಲಕ್ಕೆ ನೆರೆಹೊರೆಯಾಗಿದ್ದವು ಎಂಬ ವಾದಕ್ಕೆ ಪುಷ್ಟಿ ನೀಡುತ್ತದೆ. ಭಾರತದ ಭಾಗದಲ್ಲಿ ಉಳಿದಿರುವ ಇಂತಹ ಕುರುಹುಗಳು ತೀರ ವಿರಳ. ಕೆಲವೇ ನೂರು ಮೀಟರ್ ಉದ್ದದ ಈ ದ್ವೀಪಗಳು ಭೂವಿಜ್ಞಾನಿಗಳಿಗೆ ಅಮೂಲ್ಯವಾಗಿರುವುದು ಈ ಕಾರಣದಿಂದ.

ದಖನ್ ಟ್ರ್ಯಾಪಿಗೂ ಇದಕ್ಕೂ ಇರುವ ವ್ಯತ್ಯಾಸ

ಕರ್ನಾಟಕದಲ್ಲಿ ಜ್ವಾಲಾಮುಖಿ ಶಿಲೆ ಎಂದೊಡನೆ ನೆನಪಿಗೆ ಬರುವುದು ರಾಜ್ಯದ ಉತ್ತರ ಜಿಲ್ಲೆಗಳನ್ನು ಆವರಿಸಿರುವ ದಖನ್ ಟ್ರ್ಯಾಪ್. ವಿಜಯಪುರ ಜಿಲ್ಲೆಯ ಝಳಕಿ, ಇಂಡಿ, ಸಿಂದಗಿ ಕಡೆಯ ನೆಲ ನಿಂತಿರುವುದು ಈ ಬಸಾಲ್ಟ್ ಪದರಗಳ ಮೇಲೆ. ಆ ಭಾಗದ ಎರೆಮಣ್ಣು ಇದೇ ಶಿಲೆ ಶಿಥಿಲವಾಗಿ ಉಂಟಾದದ್ದು. ವಿಜಯಪುರದ ಗೋಳಗುಮ್ಮಟವನ್ನು ಕಟ್ಟಿರುವುದೂ ಬೂದು ಛಾಯೆಯ ಈ ಕರಿಕಲ್ಲಿನಿಂದಲೇ. ದಕ್ಷಿಣಕ್ಕೆ ಮುದ್ದೇಬಿಹಾಳ, ತಾಳಿಕೋಟೆಯ ಕಡೆ ಹೋದಂತೆ ಟ್ರ್ಯಾಪಿನ ಅಂಚು ಮುಗಿದು ಸುಣ್ಣಕಲ್ಲು ಮೊದಲಾದ ಹಳೆಯ ಶಿಲೆಗಳು ಹೊರಕಾಣುತ್ತವೆ.

ಸೇಂಟ್ ಮೇರೀಸ್ ದ್ವೀಪಗಳು ದಖನ್ ಟ್ರ್ಯಾಪಿನ ಭಾಗವಲ್ಲ. ದಖನ್ ಟ್ರ್ಯಾಪ್ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ದ್ವೀಪಗಳ ಶಿಲೆ ಅದಕ್ಕಿಂತ ಸುಮಾರು 2 ಕೋಟಿ ವರ್ಷ ಹಳೆಯದು. ದಖನ್ ಟ್ರ್ಯಾಪಿನ ಉಗಮವನ್ನು ಹಿಂದೂ ಮಹಾಸಾಗರದ ರಿಯೂನಿಯನ್ ಬಿಸಿತಾಣದೊಂದಿಗೂ, ದ್ವೀಪಗಳ ಕಾಲದ ಜ್ವಾಲಾಮುಖಿಯನ್ನು ಮೇರಿಯನ್ ಬಿಸಿತಾಣದೊಂದಿಗೂ ವಿಜ್ಞಾನಿಗಳು ಜೋಡಿಸುತ್ತಾರೆ. ಒಂದು ಲಕ್ಷಾಂತರ ಚದರ ಕಿಲೋಮೀಟರ್ ಹರಡಿದ ಬಸಾಲ್ಟ್ ಹಾಸು. ಇನ್ನೊಂದು ಸಮುದ್ರದಲ್ಲಿ ಉಳಿದ ಆಮ್ಲೀಯ ಶಿಲೆಯ ಸಣ್ಣ ತುಣುಕು.

ಇತಿಹಾಸ

ವಾಸ್ಕೋ ಡ ಗಾಮ 1498ರಲ್ಲಿ ಮೊದಲು ಈ ದ್ವೀಪದಲ್ಲಿ ಇಳಿದು, ಶಿಲುಬೆ ನೆಟ್ಟು, ಮೇರಿ ಮಾತೆಯ ಹೆಸರಿಟ್ಟು, ಅನಂತರ ಕಲ್ಲಿಕೋಟೆಗೆ ಹೋದನೆಂಬುದು ಜನಪ್ರಿಯ ಕಥನ. ಆ ಯಾನದಲ್ಲಿ ಪಾಲ್ಗೊಂಡವನೊಬ್ಬನ ದಿನಚರಿ ಉಳಿದುಬಂದಿದ್ದು, ಅದರ ಪ್ರಕಾರ ಘಟನೆಗಳ ಕ್ರಮ ಬೇರೆಯಾಗಿದೆ. ಹಡಗುಗಳು 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆಯನ್ನು ಮುಟ್ಟಿದವು. ಆಗಸ್ಟ್ ಅಂತ್ಯದಲ್ಲಿ ಅಲ್ಲಿಂದ ಹೊರಟವು. ಉತ್ತರಾಭಿಮುಖವಾಗಿ ಮರಳುವ ದಾರಿಯಲ್ಲಿ, ಸೆಪ್ಟೆಂಬರ್ 15ರಂದು, ತೀರದಿಂದ ಸ್ವಲ್ಪ ದೂರದಲ್ಲಿದ್ದ ಕಿರುದ್ವೀಪವೊಂದರ ಮೇಲೆ ಕಲ್ಲುಕಂಬವನ್ನು ನಿಲ್ಲಿಸಿ ಅದಕ್ಕೆ ಸಾಂತಾ ಮರಿಯಾ ಎಂದು ಹೆಸರಿಡಲಾಯಿತು. ಪೋರ್ಚುಗಲ್ಲಿನ ದೊರೆ ಆ ಯಾನಕ್ಕಾಗಿ ಕೊಟ್ಟಿದ್ದ, ಸಂತರ ಹೆಸರಿನ ಮೂರು ಕಂಬಗಳಲ್ಲಿ ಇದು ಕೊನೆಯದು. ಆ ಕಿರುದ್ವೀಪವನ್ನು ಮಲ್ಪೆಯ ಎದುರಿನ ಈ ಸಮೂಹದೊಂದಿಗೆ ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಅಲ್ಲಿಂದ ಹಡಗುಗಳು ಕಾರವಾರದ ಸಮೀಪದ ಅಂಜುದ್ವೀಪಕ್ಕೆ ಹೋದವು. ಹೀಗಾಗಿ ದ್ವೀಪದ ಹೆಸರು ಗಾಮನ ಆಗಮನದ ನೆನಪಲ್ಲ, ನಿರ್ಗಮನದ ನೆನಪು ಎನ್ನುವುದು ಹೆಚ್ಚು ಸರಿಯಾದೀತು. ಅಂದು ನೆಟ್ಟ ಕಂಬ ಈಗ ದ್ವೀಪದಲ್ಲಿ ಕಾಣಸಿಗುವುದಿಲ್ಲ.

ಸಮೂಹದ ದರಿಯಾ ಬಹಾದ್ದೂರ್‌ಗಡ ದ್ವೀಪದಲ್ಲಿ ಹಳೆಯ ಕೋಟೆಯೊಂದರ ಅವಶೇಷಗಳಿವೆ. ಇದನ್ನು ಬಿದನೂರಿನ ಅರಸ ಬಸಪ್ಪ ನಾಯಕ ಕಟ್ಟಿಸಿದನೆಂದು ಹೇಳಲಾಗುತ್ತದೆ. ಕೆಳದಿ ಅರಸರಿಗೆ ಕರಾವಳಿಯ ವ್ಯಾಪಾರವೂ ಅದರ ರಕ್ಷಣೆಯೂ ಮುಖ್ಯವಾಗಿದ್ದ ಕಾಲದ ಗುರುತು ಇದು.

ನೋಡಬೇಕಾದ ತಾಣಗಳು

ಕಂಬಗಳ ಸಾಲು: ತೆಂಗಿನ ದ್ವೀಪದ ಕಲ್ಲಿನ ಅಂಚಿನಲ್ಲಿ ಕಂಬಗಳು ಒಂದಕ್ಕೊಂದು ಅಂಟಿ ನಿಂತಿರುವುದು ಸ್ಪಷ್ಟವಾಗಿ ಕಾಣುತ್ತದೆ. ಕೆಲವೆಡೆ ಅವು ನೇರವಾಗಿವೆ, ಕೆಲವೆಡೆ ವಾಲಿವೆ. ಅಲೆಗಳ ಹೊಡೆತಕ್ಕೆ ತುಂಡಾದ ಕಂಬಗಳು ಒಂದರ ಮೇಲೊಂದು ಬಿದ್ದು ಮೆಟ್ಟಿಲುಗಳಂತೆ ತೋರುತ್ತವೆ. ಕಟ್ಟಡಕ್ಕಾಗಿ ಕಡೆದು ಜೋಡಿಸಿಟ್ಟ ಕಲ್ಲುಗಳೇನೋ ಎಂಬ ಭ್ರಮೆ ಹುಟ್ಟುವಷ್ಟು ಅವುಗಳ ಅಂಚು ನೇರವಾಗಿದೆ.

ಕಲ್ಲಿನ ಜಾಲ: ಕಂಬಗಳ ತಲೆ ಸವೆದು ಸಮತಟ್ಟಾಗಿರುವ ಕಡೆ, ನೆಲಕ್ಕೆ ಬಹುಭುಜಾಕೃತಿಯ ಹಾಸುಗಲ್ಲು ಹೊದಿಸಿದಂತೆ ಕಾಣುತ್ತದೆ. ಮುಖಗಳನ್ನು ಎಣಿಸಿ ನೋಡಲು ಶಾಲಾ ವಿದ್ಯಾರ್ಥಿಗಳಿಗೆ ಇದು ಪ್ರಶಸ್ತ ಜಾಗ.

ಚಿಪ್ಪಿನ ತೀರ: ದ್ವೀಪದ ಬಹುಭಾಗ ಕಲ್ಲುಮಯವಾಗಿದ್ದು, ಮರಳಿನ ತೀರ ಕಡಿಮೆ. ಕೆಲವು ಪುಟ್ಟ ಕೊಲ್ಲಿಗಳಲ್ಲಿ ಮರಳಿಗಿಂತ ಹೆಚ್ಚಾಗಿ ಚಿಪ್ಪುಗಳೇ ಹರಡಿವೆ. ಬಗೆಬಗೆಯ ಗಾತ್ರ, ಆಕಾರ ಮತ್ತು ಬಣ್ಣದ ಚಿಪ್ಪುಗಳನ್ನು ಇಲ್ಲಿ ನೋಡಬಹುದು.

ಕಲ್ಲುಗುಂಡಿಗಳು: ಇಳಿತದ ಸಮಯದಲ್ಲಿ ಬಂಡೆಗಳ ನಡುವೆ ಸಮುದ್ರದ ನೀರು ನಿಂತು ಸಣ್ಣ ಕೊಳಗಳಾಗುತ್ತವೆ. ಏಡಿಗಳು, ಕಲ್ಲಿಗೆ ಅಂಟಿದ ಚಿಪ್ಪುಜೀವಿಗಳು, ಸಣ್ಣ ಮೀನುಗಳು ಮತ್ತು ಪಾಚಿ ಇಂತಹ ಜಾಗದಲ್ಲಿ ಕಾಣುತ್ತವೆ.

ತೆಂಗಿನ ತೋಪು: ದ್ವೀಪದ ನಡುಭಾಗದ ತೆಂಗಿನ ಮರಗಳು ನೆರಳು ಕೊಡುತ್ತವೆ. ದಡದಿಂದ ದೋಣಿಯಲ್ಲಿ ಬರುವವರಿಗೆ ಮೊದಲು ಕಾಣುವುದು ಕಪ್ಪು ಬಂಡೆಗಳ ಮೇಲೆ ನಿಂತ ಈ ಹಸಿರು. ಕಡಲ ಹಕ್ಕಿಗಳೂ ಗರುಡಗಳೂ ದ್ವೀಪದ ಮೇಲೆ ಹಾರಾಡುತ್ತಿರುತ್ತವೆ.

ತಲುಪುವ ಬಗೆ

ಮಲ್ಪೆಯು ಉಡುಪಿಯಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿದೆ. ಉಡುಪಿಯು ಕೊಂಕಣ ರೈಲುಮಾರ್ಗದ ನಿಲ್ದಾಣ. ರಾಷ್ಟ್ರೀಯ ಹೆದ್ದಾರಿ 66 ನಗರದ ಮೂಲಕ ಹಾದುಹೋಗುತ್ತದೆ. ಮಂಗಳೂರು ಇಲ್ಲಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿದ್ದು, ಸಮೀಪದ ವಿಮಾನ ನಿಲ್ದಾಣ ಅಲ್ಲಿನ ಬಜಪೆಯಲ್ಲಿದೆ. ವಿಜಯಪುರದ ಕಡೆಯಿಂದ ಬರುವವರು ಹುಬ್ಬಳ್ಳಿಯ ಮೂಲಕ ರಸ್ತೆಯಲ್ಲಿ ಬರಬಹುದು, ಇಲ್ಲವೆ ರೈಲಿನಲ್ಲಿ ಮಂಗಳೂರಿಗೆ ಬಂದು ಅಲ್ಲಿಂದ ಉಡುಪಿಗೆ ಹೋಗಬಹುದು.

ಮಲ್ಪೆಯ ಬಂದರಿನಿಂದ ಮತ್ತು ಕಡಲತೀರದಿಂದ ಪ್ರವಾಸಿ ದೋಣಿಗಳು ಹೊರಡುತ್ತವೆ. ದ್ವೀಪದ ಸುತ್ತ ನೀರಿನಡಿ ಬಂಡೆಗಳಿರುವುದರಿಂದ ದೊಡ್ಡ ದೋಣಿಗಳು ದಡದವರೆಗೆ ಹೋಗಲಾಗದ ಸಂದರ್ಭದಲ್ಲಿ, ಪ್ರವಾಸಿಗರನ್ನು ಸಣ್ಣ ದೋಣಿಗೆ ಇಳಿಸಿ ದಡ ಸೇರಿಸಲಾಗುತ್ತದೆ. ನೈರುತ್ಯ ಮಾನ್ಸೂನ್ ಕಾಲದಲ್ಲಿ, ಅಂದರೆ ಸಾಮಾನ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕಡಲು ಪ್ರಕ್ಷುಬ್ಧವಾಗಿರುವುದರಿಂದ ದೋಣಿ ಸಂಚಾರ ನಿಲ್ಲುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಭೇಟಿಗೆ ಹಿತಕರ. ದ್ವೀಪದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಸಂಜೆಯ ಹೊತ್ತಿಗೆ ಎಲ್ಲರೂ ಮರಳಬೇಕಾಗಿರುವುದರಿಂದ ಸೂರ್ಯಾಸ್ತವನ್ನು ಮಲ್ಪೆಯ ತೀರದಿಂದಲೇ ನೋಡುವುದು ರೂಢಿ.

ಸುರಕ್ಷತೆ

ದೂರದಿಂದ ಶಾಂತವಾಗಿ ತೋರುವ ಈ ದ್ವೀಪದ ಅಂಚು ಅಪಾಯಕಾರಿ. ಬಂಡೆಗಳ ಮೇಲೆ ಪಾಚಿ ಬೆಳೆದು ಜಾರುತ್ತದೆ. ಕಂಬಗಳ ಅಂಚಿನಿಂದ ಆಚೆ ಒಮ್ಮೆಲೇ ಆಳವಿರುವ ಕಡೆಗಳಿವೆ. ಬಂಡೆಗೆ ಬಡಿದು ಹಿಂದಿರುಗುವ ಅಲೆ ಈಜು ಬಲ್ಲವರನ್ನೂ ಒಳಕ್ಕೆ ಎಳೆದೊಯ್ಯಬಲ್ಲದು. 2022ರ ಏಪ್ರಿಲ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಕೇರಳದ ಎಂಜಿನಿಯರಿಂಗ್ ಕಾಲೇಜೊಂದರ ಮೂವರು ವಿದ್ಯಾರ್ಥಿಗಳು ಇಲ್ಲಿ ಸಮುದ್ರದ ಪಾಲಾದರು. ಕಡಲನ್ನು ಕಂಡರಿಯದ ಒಳನಾಡಿನ ಊರುಗಳಿಂದ ಶೈಕ್ಷಣಿಕ ಪ್ರವಾಸಕ್ಕೆ ಬರುವ ತಂಡಗಳು ಈ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕಾಗುತ್ತದೆ. ಕೆರೆ, ಬಾವಿ, ಕಾಲುವೆಗಳಲ್ಲಿ ಕಲಿತ ಈಜು ಅಲೆಗಳ ನಡುವೆ ನೆರವಾಗುವುದಿಲ್ಲ. ದೋಣಿಯಲ್ಲಿ ಜೀವರಕ್ಷಕ ಜಾಕೆಟ್ ಧರಿಸುವುದು, ನಿಷೇಧಿತ ಭಾಗಕ್ಕೆ ಇಳಿಯದಿರುವುದು, ಛಾಯಾಚಿತ್ರಕ್ಕಾಗಿ ಬಂಡೆಯ ತುದಿಗೆ ಹೋಗದಿರುವುದು ಮತ್ತು ಜೀವರಕ್ಷಕ ಸಿಬ್ಬಂದಿಯ ಸೂಚನೆ ಪಾಲಿಸುವುದು ಅಗತ್ಯ.

ಸಂರಕ್ಷಣೆ

ಭೂವೈಜ್ಞಾನಿಕ ಸ್ಮಾರಕಕ್ಕೂ ದೇವಾಲಯ ಅಥವಾ ಕೋಟೆಯಂತಹ ಸ್ಮಾರಕಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಕಟ್ಟಡದ ಕಲ್ಲು ಬಿದ್ದರೆ ಮತ್ತೆ ಕೂರಿಸಬಹುದು, ಹೊಸ ಕಲ್ಲನ್ನು ಕಡೆದು ಜೋಡಿಸಬಹುದು. ಒಡೆದ ಶಿಲಾಕಂಬವನ್ನು ಮರಳಿ ಮಾಡುವ ಉಪಾಯವಿಲ್ಲ. ದ್ವೀಪಗಳು ಚಿಕ್ಕವಾದ್ದರಿಂದ ಸಣ್ಣ ಹಾನಿಯೂ ಇಲ್ಲಿ ದೊಡ್ಡದಾಗುತ್ತದೆ. ಬಂಡೆಗಳ ಮೇಲೆ ಹೆಸರು ಕೆತ್ತುವುದು, ಬಣ್ಣ ಬಳಿಯುವುದು, ನೆನಪಿಗೆಂದು ಕಲ್ಲಿನ ಚೂರುಗಳನ್ನೂ ಚಿಪ್ಪುಗಳನ್ನೂ ಒಯ್ಯುವುದು ಸ್ಮಾರಕಕ್ಕೆ ನೇರವಾದ ಧಕ್ಕೆ. ಖಾಲಿ ಚಿಪ್ಪುಗಳೂ ವ್ಯರ್ಥ ವಸ್ತುಗಳಲ್ಲ. ಸನ್ಯಾಸಿ ಏಡಿಗಳು ಅವುಗಳಲ್ಲಿ ವಾಸಿಸುತ್ತವೆ, ಪುಡಿಯಾದ ಚಿಪ್ಪು ತೀರದ ಮರಳಾಗುತ್ತದೆ.

ಪ್ಲಾಸ್ಟಿಕ್ ಬಾಟಲಿ ಮತ್ತು ತಿಂಡಿ ಪೊಟ್ಟಣಗಳ ಕಸ ಇನ್ನೊಂದು ಸಮಸ್ಯೆ. ಪ್ರವಾಸಿಗರು ಬಿಟ್ಟುಹೋಗುವ ಕಸದ ಜೊತೆಗೆ ಸಮುದ್ರವು ತಂದು ಹಾಕುವ ಕಸವೂ ಬಂಡೆಗಳ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಇಲ್ಲಿಂದ ಕಸವನ್ನು ತೆಗೆಯಬೇಕಾದರೆ ದೋಣಿಯಲ್ಲೇ ಸಾಗಿಸಬೇಕು. ತಂದದ್ದನ್ನೆಲ್ಲ ಮರಳಿ ಒಯ್ಯುವುದು ಪ್ರವಾಸಿಗರು ಪಾಲಿಸಬಹುದಾದ ಸರಳ ನಿಯಮ. ಪ್ರವಾಸೋದ್ಯಮವು ಮಲ್ಪೆಯ ದೋಣಿಗಾರರಿಗೂ ವ್ಯಾಪಾರಿಗಳಿಗೂ ಜೀವನೋಪಾಯವಾಗಿದೆ. ಅದನ್ನು ಉಳಿಸಿಕೊಂಡು ಶಿಲೆಗಳನ್ನೂ ಕಾಪಾಡುವುದು ಈ ತಾಣದ ನಿರ್ವಹಣೆಯ ಮುಖ್ಯ ಪ್ರಶ್ನೆಯಾಗಿದೆ.

ಸಮೀಪದ ಸ್ಥಳಗಳು

ಮಲ್ಪೆ: ಕರ್ನಾಟಕದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದು. ಉದ್ದನೆಯ ಮರಳಿನ ತೀರ ಮತ್ತು ಬಂದರಿನ ಪಕ್ಕದ ಸೀ ವಾಕ್ ಎಂಬ ಕಾಲುದಾರಿ ಇಲ್ಲಿನ ಆಕರ್ಷಣೆ.

ವಡಭಾಂಡೇಶ್ವರ: ಮಲ್ಪೆಯ ತೀರದಲ್ಲಿರುವ ಬಲರಾಮ ದೇವಾಲಯ. ಉಡುಪಿಯ ಕೃಷ್ಣನ ವಿಗ್ರಹ ಮಧ್ವಾಚಾರ್ಯರಿಗೆ ಮಲ್ಪೆಯ ಕಡಲತೀರದಲ್ಲಿ ದೊರೆಯಿತೆಂಬುದು ಸಂಪ್ರದಾಯದ ನಂಬಿಕೆ.

ಉಡುಪಿ: ಶ್ರೀಕೃಷ್ಣ ಮಠ ಮತ್ತು ರಥಬೀದಿಯ ಅಷ್ಟಮಠಗಳಿಂದ ಪ್ರಸಿದ್ಧವಾದ ಯಾತ್ರಾಸ್ಥಳ.

ಕಾಪು: ಉಡುಪಿಯ ದಕ್ಷಿಣಕ್ಕಿರುವ ಕಡಲತೀರ. ಬಂಡೆಯ ಮೇಲೆ ನಿಂತಿರುವ ಇಲ್ಲಿನ ದೀಪಸ್ತಂಭ 1901ರಷ್ಟು ಹಳೆಯದು.

ಹೋಲಿಸಬಹುದಾದ ತಾಣಗಳು

ಕರ್ನಾಟಕದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾದ ತಾಣಗಳು ನಾಲ್ಕು. ಸೇಂಟ್ ಮೇರೀಸ್ ದ್ವೀಪಗಳಲ್ಲದೆ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬು ಲಾವಾ, ಕೋಲಾರ ಚಿನ್ನದ ಗಣಿ ಪ್ರದೇಶದ ಜ್ವಾಲಾಮುಖಿ ಶಿಲೆಗಳು ಮತ್ತು ಬೆಂಗಳೂರಿನ ಲಾಲ್‌ಬಾಗ್ ಬಂಡೆ ಈ ಪಟ್ಟಿಯಲ್ಲಿವೆ. ಇವುಗಳಲ್ಲಿ ಮೂರು ಜ್ವಾಲಾಮುಖಿಗೆ ಸಂಬಂಧಿಸಿದವು. ಮರಡಿಹಳ್ಳಿಯ ಲಾವಾ ನೀರಿನೊಳಗೆ ಉಕ್ಕಿ ದಿಂಬಿನಾಕಾರ ತಳೆದದ್ದು.

ಭಾರತದಲ್ಲಿ ಕಂಬಾಕೃತಿಯ ಶಿಲೆಗೆ ಮತ್ತೊಂದು ಪ್ರಸಿದ್ಧ ಉದಾಹರಣೆ ಮುಂಬಯಿಯ ಅಂಧೇರಿಯಲ್ಲಿರುವ ಗಿಲ್ಬರ್ಟ್ ಬೆಟ್ಟ. ಇದು ದಖನ್ ಟ್ರ್ಯಾಪ್ ಕಾಲದ ಬಸಾಲ್ಟ್ ಆಗಿದ್ದು, ಸುಮಾರು 60 ಮೀಟರ್ ಎತ್ತರವಿದೆ. ಸುತ್ತಲೂ ಕಟ್ಟಡಗಳು ಒತ್ತಿಕೊಂಡಿವೆ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಎಂಬ ಕಡಲತೀರದಲ್ಲಿ ಸುಮಾರು 40,000 ಬಸಾಲ್ಟ್ ಕಂಬಗಳಿದ್ದು, ಯುನೆಸ್ಕೋ ಅದನ್ನು 1986ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.